ಹುಲ್ಲಿನ ಸೂರಿಗೆ ಪ್ಲಾಸ್ಟಿಕ್ ಹೊದಿಕೆ

ಹೊರಗಿನ ಚಳಿಗೆ ಯಾರೂ ಹೊಣೆಯಲ್ಲ. ಮನೆಯೊಳಗಿನ ಚಳಿಗೆ ಮಾತ್ರ ಗಂಡನೇ ಹೊಣೆ. ಇದು ನನಗೆ ತಿಳಿದದ್ದು, ಪರದೇಶದ ನ್ಯೂವೆಗೈನ್ ಊರಿನ ಆಫೀಸಿನಲ್ಲಿ ಕೂತು ಎರಡು ಸಾವಿರನೇ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜುಗೊಳಿಸುತ್ತಿದ್ದ ದಿನಗಳಲ್ಲಿ. ಜೊತೆಯವರೆಲ್ಲ ಬೆಚ್ಚನೆಯ ಫ್ಲಾಟುಗಳಲ್ಲಿದ್ದರೆ ನಾನು ಊರಾಚೆ, ಕಲ್ಲುಗೋಡೆಯ, ಜೊಂಡುಹುಲ್ಲು ಹೊದಿಸಿದ ಹಳೆಯ ಮನೆ ಹಿಡಿದಿದ್ದೆ. ಮೈಸೂರಿಗೆ ಕಳಿಸಿದ ಫೋಟೋದಲ್ಲಿ ಅದು ಬಹಳ ಚೆನ್ನಾಗಿತ್ತು. ಫೋಟೋದಲ್ಲಿ ಚಳಿ ಬೀಳುವುದಿಲ್ಲ.

ಹೆಂಡತಿ ವಸುಧೆಗೆ ಆಗ ಎಂಟು ತಿಂಗಳು. ಆ ದೇಶದಲ್ಲಿ ಹೆರಿಗೆಗೂ ಬಾಣಂತನಕ್ಕೂ ನರ್ಸ್ ಮನೆಗೇ ಬರುತ್ತಾರೆ. ನಮ್ಮ ನರ್ಸ್ ಮುಂದಿನ ವಾರ ಕೋಣೆ ನೋಡಲು ಬರುವವರಿದ್ದರು. ಬೆಚ್ಚಗಿಲ್ಲದಿದ್ದರೆ ಬೇರೆ ಏರ್ಪಾಡು ಮಾಡಿಕೊಳ್ಳಿ ಎಂದು ಫೋನಿನಲ್ಲೇ ಹೇಳಿದ್ದರು. ಇಡೀ ಮನೆಗೆ ಇದ್ದದ್ದು ಮುಂದಿನ ಕೋಣೆಯ ಒಂದೇ ಗ್ಯಾಸ್ ಹೀಟರು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಊದುಬತ್ತಿ ಹಚ್ಚಿಕೊಂಡು ಮನೆಯೆಲ್ಲ ಸುತ್ತಿದೆ. ಹೊಗೆ ಎಲ್ಲಿ ಓಲಾಡಿತೋ ಅಲ್ಲಿ ಸಂದಿ ಇದೆಯೆಂದು ಲೆಕ್ಕ. ಪೇಪರು, ಸ್ಪಂಜು, ಹಳೆಯ ಪಂಚೆ, ಸಿಕ್ಕಿದ್ದನ್ನೆಲ್ಲ ತುರುಕಿದೆ. ಹೀಟರಿನ ಪಕ್ಕದ ಗೋಡೆಯಲ್ಲಿದ್ದ ಜಾಲರಿಗೆ ವಸುಧೆಯ ಶಾಲು. ಏಣಿ ಹತ್ತಿ, ಸೂರಿನ ಒಳಮೈಗೆ ಉದ್ದಗಲ ಪ್ಲಾಸ್ಟಿಕ್ ಹಾಳೆ ಬಡಿದೆ. ಊದುಬತ್ತಿಯ ಹೊಗೆ ನೆಟ್ಟಗೆ ನಿಂತಾಗ ಏನೋ ಗೆದ್ದಂತೆನಿಸಿತು.

"ರೀ, ತಲೆ ಯಾಕೋ ಭಾರ ಅನ್ಸ್ತಿದೆ," ಎಂದಳು ವಸುಧೆ ಮಾರನೆಯ ದಿನ.

"ಬೆಚ್ಚಗಿದ್ದು ಅಭ್ಯಾಸ ತಪ್ಪಿದೆಯಲ್ಲ, ಅದಕ್ಕೆ."

ಮೂರನೆಯ ದಿನ ಸೂರಿನಿಂದ ಹಾಸಿಗೆಗೆ ಹನಿ ಬೀಳತೊಡಗಿತು. ಫೋನ್ ಮಾಡಿದ್ದಕ್ಕೆ ಮನೆಯ ಮಾಲೀಕ, ಎಪ್ಪತ್ತು ದಾಟಿದ ಹೆಂಕ್, ಸೈಕಲ್ ಮೇಲೆ ಬಂದರು. ಸೂರಿನ ಕಡೆ ತಲೆಯೆತ್ತಲೇ ಇಲ್ಲ. ನೇರ ಹೋಗಿ ಹೀಟರು ಆರಿಸಿದರು, ಶಾಲು ಕಿತ್ತೆಸೆದರು, ಕಿಟಕಿಗಳನ್ನೆಲ್ಲ ತೆರೆದು ವಸುಧೆಯನ್ನು ಅಂಗಳದಲ್ಲಿ ಕೂರಿಸಿದರು.

"ಈ ಜಾಲರಿ ಹೀಟರಿಗೆ ಗಾಳಿ ಕೊಡೋದು," ಎಂದು ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು. "ಮುಚ್ಚಿದರೆ ವಿಷದ ಗ್ಯಾಸ್ ಒಳಗೇ ಉಳಿಯುತ್ತೆ. ಇನ್ನೊಂದೆರಡು ದಿನ ಹೀಗೇ ಬಿಟ್ಟಿದ್ದರೆ ನೀವಿಬ್ಬರೂ ಏಳ್ತಿರಲಿಲ್ಲ."

ಕೂಡಲೇ ವಸುಧೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಡಾಕ್ಟರು ಮಗುವಿನ ಎದೆಬಡಿತ ಕೇಳಿಸಿ "ಎಲ್ಲ ಸರಿಯಿದೆ" ಎನ್ನುವವರೆಗೂ ನಾನು ಕಾರಿಡಾರಿನ ಉದ್ದ ಅಳೆಯುತ್ತಲೇ ಇದ್ದೆ. ವಾಪಸು ಬರುವಾಗ ವಸುಧೆ ಟ್ಯಾಕ್ಸಿಯ ಕಿಟಕಿಯನ್ನು ಪೂರ್ತಿ ಇಳಿಸಿಕೊಂಡು ಕೂತಳು. ಬೈದಿದ್ದರೆ ವಾಸಿಯಿತ್ತು.

ಮಾರನೆಯ ದಿನ ಹೆಂಕ್ ಪ್ಲಾಸ್ಟಿಕ್ ಕಿತ್ತರು. "ಈ ಹುಲ್ಲೇ ಕಂಬಳಿ. ಕಂಬಳಿಗೆ ರೇನ್‌ಕೋಟ್ ಹಾಕ್ತಾರೇನಪ್ಪ? ಬೆವರುತ್ತೆ." ಹೀಟರಿನ ಕೊಳವೆ ಉಜ್ಜಿಸಿದರು, ಕಲ್ಲುನೆಲಕ್ಕೆ ದಪ್ಪ ಜಮಖಾನ ಹಾಸಿದರು, ಕಿಟಕಿಗಳಿಗೆ ಉಣ್ಣೆಯ ಪರದೆ ಕಟ್ಟಿದರು, ಮಂಚವನ್ನು ಮುಂದಿನ ಕೋಣೆಗೆ ತಂದರು. ನಾನು ಸುತ್ತಿಗೆ ಎತ್ತಿದಾಗಲೆಲ್ಲ ಮೆಲ್ಲನೆ ಕೈಯಿಂದ ತೆಗೆದುಕೊಂಡರು.

ನರ್ಸ್ ಬಂದು ಕೋಣೆಯ ಥರ್ಮಾಮೀಟರು ನೋಡಿ ತಲೆದೂಗಿದರು. ನಾನು ಮುಂದೆ ಬಂದು, ಹೆರಿಗೆಯ ದಿನ ನಾನೇನು ಮಾಡಬೇಕು ಎಂದು ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ವಸುಧೆ, "ಪ್ಲೀಸ್, ಇವರಿಗೆ ಏನೂ ಕೆಲಸ ಹೇಳ್ಬೇಡಿ," ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು.

ಮಗಳು ಹುಟ್ಟಿದ್ದು ಬೆಳಗಿನ ಹತ್ತಕ್ಕೆ, ಹೊರಗೆ ಹಿಮ ಬೀಳುತ್ತಿದ್ದಾಗ. ಹೆಂಕ್ ಮತ್ತು ನಾನು ಅಂಗಳದಲ್ಲಿ ನಿಂತಿದ್ದೆವು. ಒಳಗೆ ಬಹಳ ಬೆಚ್ಚಗಿತ್ತಂತೆ.