ಸೀತಾರಾಮ ಮೇಷ್ಟ್ರ ಕಾಕ್‌ಟೇಲ್ ಕಾರ್ಡು

'ಬೇಡ' ಅನ್ನುವ ಎರಡಕ್ಷರ ಸಮಯಕ್ಕೆ ಸರಿಯಾಗಿ ಬಾಯಿಗೆ ಬಾರದೆ ಹೋಗುವುದೇ ಸೀತಾರಾಮ ಮೇಷ್ಟ್ರ ಕಾಯಿಲೆ.

ಅಕ್ಕನ ಮಗಳು ಶ್ರೀರಂಜನಿಯ ನಿಶ್ಚಿತಾರ್ಥದ ದಿನ ಊಟದ ಪಂಕ್ತಿಯಲ್ಲಿ ಯಾರೋ, "ಈಗೆಲ್ಲ ಕೈಯಲ್ಲಿ ಚಿತ್ರ ಬರೆದ ಲಗ್ನಪತ್ರಿಕೆಯದ್ದೇ ಕಾಲ. ನಿಮ್ಮಲ್ಲೇ ಡ್ರಾಯಿಂಗ್ ಮೇಷ್ಟ್ರು ಇದಾರಲ್ಲ" ಅಂದರು. ಮೇಷ್ಟ್ರ ಬಾಯಲ್ಲಿ ಹೋಳಿಗೆ ಇತ್ತು. ಅದು ಗಂಟಲಿಳಿದು ಮಾತು ಹೊರಡುವಷ್ಟರಲ್ಲಿ ಸುದ್ದಿ ಪಂಕ್ತಿಯ ಆಚೆ ತುದಿಗೆ ಹೋಗಿ, "ಸೀತಾರಾಮನೇ ಬರಿತಾನಂತೆ" ಎಂದು ತೀರ್ಮಾನವಾಗಿ ವಾಪಸು ಬಂದಿತ್ತು.

ಅವತ್ತಿನಿಂದ ಕೊಪ್ಪದ ಬಾಡಿಗೆ ಮನೆಯಲ್ಲಿ ಮೇಷ್ಟ್ರಿಗೆ ಬೇರೆ ಬದುಕಿಲ್ಲ. ಶಾಲೆ ಬಿಟ್ಟು ಬಂದವರು ಕುಂಚ ಹಿಡಿದು ಕೂತರೆ ಒಂದೊಂದು ಕಾರ್ಡಿಗೂ ಒಂದು ಗಣಪತಿ, ಎರಡು ಬಾಳೆಗಿಡ, ಸುತ್ತ ಅಡಿಕೆ ಹಿಂಗಾರದ ಅಂಚು. ಮೊದಮೊದಲ ಕಾರ್ಡುಗಳಲ್ಲಿ ಗಣಪತಿಗೆ ತುಂಬು ಹೊಟ್ಟೆ, ನಗುಮುಖ. ಬರಬರುತ್ತ ಹೊಟ್ಟೆ ಇಳಿಯಿತು. ಕೊನೆಕೊನೆಯ ಗಣಪತಿಗಳು ವಾರದಿಂದ ಉಪವಾಸ ಬಿದ್ದು ಯಾರ ಮೇಲೋ ಮುನಿಸಿಕೊಂಡವರ ಹಾಗಿದ್ದವು. ಹೆಂಡತಿ ಕಮಲ ಇದನ್ನೆಲ್ಲ ನೋಡಿ ಸಾಕಾಗಿ, "ನಿಮ್ಮ ಬಣ್ಣದ ಬಟ್ಟಲಿಗೂ ನನ್ನ ಕಾಫಿ ಲೋಟಕ್ಕೂ ವ್ಯತ್ಯಾಸ ಗೊತ್ತಾಗದ ಮನೇಲಿ ನಾನಿರಲ್ಲ" ಎಂದು ಮುತ್ತಿನಕೊಪ್ಪದ ತವರಿಗೆ ಹೋಗಿದ್ದಳು.

ಅಂತೂ ಕಾರ್ಡುಗಳ ಮೊದಲ ಕಂತು ಮುಗಿಯಿತು, ಭಾನುವಾರ ಶೃಂಗೇರಿಗೆ ಒಯ್ದು ಅಕ್ಕ ಭಾವನಿಗೆ ಒಪ್ಪಿಸಿದರಾಯಿತು ಅನ್ನುವಷ್ಟರಲ್ಲಿ ಶ್ರೀರಂಜನಿಯ ಫೋನು ಬಂತು.

"ಮಾವ, ಇನ್ನೊಂದು ಚೂರು ಕೆಲ್ಸ ಇದೆ. ಬೈಬೇಡಿ ಆಯ್ತಾ? ಮದುವೆಗೆ ಮೊದಲು ಸಿರಿಮನೆ ಹತ್ರದ ಹೋಂಸ್ಟೇಲಿ ಪ್ರಶಾಂತನ ಫ್ರೆಂಡ್ಸಿಗೆ ಒಂದು ಸಂಜೆ ಪಾರ್ಟಿ. ಕಾಕ್‌ಟೇಲ್ ಪಾರ್ಟಿ. ಅದಕ್ಕೆ ಕೆಲವೇ ಕೆಲವು ಕಾರ್ಡು, ಮೇಲೆ ಗ್ಲಾಸು, ನಿಂಬೆಹಣ್ಣಿನ ಚಿತ್ರ, ಬಣ್ಣ ಬಣ್ಣದ್ದು. ಮತ್ತೆ ಪ್ರಶಾಂತನಿಗೆ ನನ್ನ ಕಡೆಯಿಂದ ಒಂದು ಗಿಫ್ಟು ಬೇಕು. ಅವನಿಗೆ ಕಾಕ್‌ಟೇಲ್ ಅಂದ್ರೆ ಪ್ರಾಣ. ಕುಲುಕೋ ಡಬ್ಬ ಬರ್ತದಲ್ಲ, ಶೇಕರ್ರು, ಅದು ಕೊಪ್ಪದಲ್ಲಿ ಸಿಕ್ಕಿದ್ರೆ ತನ್ನಿ. ಅಪ್ಪಂಗೆ ಮಾತ್ರ ಹೇಳ್ಬೇಡಿ."

ಭಾವ ಸುಬ್ಬಯ್ಯನವರೆಂದರೆ ಶೃಂಗೇರಿಯಲ್ಲಿ ಸಣ್ಣ ಆಸಾಮಿಯಲ್ಲ. ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು, ಈರುಳ್ಳಿಯ ಹೆಸರೆತ್ತಿದರೂ ಕೈ ತೊಳೆಯುವವರು. ನರಸಿಂಹರಾಜಪುರದ ಕಡೆಯ ಹುಡುಗ ಪ್ರಶಾಂತ ಮಂಗಳೂರಿನ ದೊಡ್ಡ ಹೋಟೆಲಿನಲ್ಲಿ ಕೆಲಸದಲ್ಲಿದ್ದಾನೆ ಅಂತಷ್ಟೇ ಮೇಷ್ಟ್ರಿಗೆ ಗೊತ್ತಿತ್ತು. ಹುಡುಗನಿಗೆ ಇಂಥ ಹವ್ಯಾಸ ಇದೆ ಅಂತ ಭಾವನಿಗೆ ತಿಳಿದರೆ ಮದುವೆ ಮಂಟಪದ ಮೆಟ್ಟಿಲು ಹತ್ತುತ್ತದೆಯೇ? 'ಬೇಡ ಕೂಸೇ' ಅನ್ನಬೇಕೆಂದು ಬಾಯಿ ತೆರೆದರು. "ಆಯ್ತು" ಅಂತ ಬಂತು.

ಕಾಕ್‌ಟೇಲನ್ನು ಮೇಷ್ಟ್ರು ಜನ್ಮದಲ್ಲಿ ಕಂಡವರಲ್ಲ. ಮೊಬೈಲಿನಲ್ಲಿ ಚಿತ್ರ ನೋಡಿ ನೋಡಿ ಬರೆದರು. ಗ್ಲಾಸಿನ ಮೇಲೆ ಪುಟ್ಟ ಕೊಡೆಯೊಂದು ಇರುತ್ತದೆಂದು ಕಂಡು ಅದನ್ನೂ ಬರೆದರು. ಕೈ ಅಭ್ಯಾಸಬಲದಿಂದ ಬಾಗಿದ ಹಿಡಿಯ ದೊಡ್ಡ ಕರಿ ಕೊಡೆಯನ್ನೇ ಬರೆಯಿತು. ಭಾನುವಾರ ಬೆಳಿಗ್ಗೆ ಆ ಕಾರ್ಡುಗಳನ್ನು ಜಗಲಿಯಲ್ಲಿ ಒಣಗಲಿಟ್ಟಿದ್ದಾಗ ಪಕ್ಕದ ಮನೆಯ ಸೀತಕ್ಕ ಕರಿಬೇವು ಕೇಳಿಕೊಂಡು ಬಂದರು.

"ಇದೆಂಥದು ಮೇಷ್ಟ್ರೇ, ಬರೀ ಗ್ಲಾಸು?"

"ಪಾನಕ ಸೀತಕ್ಕ."

"ಪಾನಕಕ್ಕೆ ಕೊಡೆ ಯಾಕೆ ಮಾರಾಯ್ರೆ?"

"ಮಳೆ ಬಂದ್ರೆ ಅಂತ" ಅಂದರು ಮೇಷ್ಟ್ರು.

ಸೀತಕ್ಕ ಅವರನ್ನು ಒಂದು ಸಲ, ಗ್ಲಾಸುಗಳನ್ನು ಒಂದು ಸಲ, ಕಮಲ ಇಲ್ಲದ ಖಾಲಿ ಅಡುಗೆಮನೆಯನ್ನು ಒಂದು ಸಲ ನೋಡಿದರು. ಕರಿಬೇವು ಮರೆತು ಹೊರಟುಹೋದರು. ಸೀತಕ್ಕ ಕೇಳಿದ್ದನ್ನು ಮರೆತು ಹೋಗುವುದೆಂದರೆ ಅದಕ್ಕಿಂತ ರುಚಿಯಾದದ್ದೇನೋ ಸಿಕ್ಕಿದೆ ಅಂತಲೇ ಅರ್ಥ.

ಮೇಷ್ಟ್ರು ಕಾರ್ಡುಗಳನ್ನು ಎರಡು ಕಟ್ಟು ಮಾಡಿ ಚೀಲಕ್ಕೆ ಹಾಕಿಕೊಂಡು ದೇವರಾಜನ ಪಾತ್ರೆ ಅಂಗಡಿಗೆ ಹೋದರು. ಅಂಗಡಿ ತುಂಬ ಜನ. ಮೇಷ್ಟ್ರು ಕೌಂಟರಿನ ಮೂಲೆಗೆ ಸರಿದು, ಗುಟ್ಟು ಹೇಳುವವರ ಹಾಗೆ ಬಗ್ಗಿದರು.

"ದೇವರಾಜ, ಒಂದು ಡಬ್ಬ ಬೇಕಿತ್ತು. ಮೇಲೆ ಮುಚ್ಚಳ, ಒಳಗೊಂದು ಜರಡಿ. ಕುಲುಕೋದಕ್ಕೆ."

"ಎಂಥ ಕುಲುಕ್ತೀರಿ?"

"ಎಂಥದಾದ್ರೂ."

"ಮಜ್ಜಿಗೆಯಾ?"

"ಹ್ಞೂಂ, ಮಜ್ಜಿಗೆ ಅಂತಲೇ ಇಟ್ಕೊ."

ದೇವರಾಜ ಕಡೆಗೋಲು ತಂದ. ಅದಲ್ಲ ಅಂದರು. ಟೀ ಸೋಸುವ ಜರಡಿ ತಂದ, ಮಕ್ಕಳ ನೀರಿನ ಬಾಟಲಿ ತಂದ, ಕೊನೆಗೆ ಕುಕ್ಕರನ್ನೂ ತಂದ. ಪ್ರತಿಯೊಂದಕ್ಕೂ ಮೇಷ್ಟ್ರು ಗೋಣು ಆಡಿಸುತ್ತ, ಗಾಳಿಯಲ್ಲಿ ಎರಡು ಕೈ ಎತ್ತಿ ಕಿವಿಯ ಹತ್ತಿರ ಕುಲುಕಿ ತೋರಿಸುತ್ತ ನಿಂತರು. ಅಂಗಡಿಗೆ ಬಂದವರು ಪಾತ್ರೆ ನೋಡುವುದು ಬಿಟ್ಟು ಮೇಷ್ಟ್ರನ್ನು ನೋಡತೊಡಗಿದರು. ದೇವರಾಜನ ಮುಖ ತಟ್ಟನೆ ಅರಳಿತು.

"ಓ! ಕಾಕ್‌ಟೇಲ್ ಶೇಕರ್ರಾ! ಹಂಗೆ ಹೇಳೋದಲ್ವಾ ಮೇಷ್ಟ್ರೇ!" ಎಂದವನೇ ಅಟ್ಟದ ಕಡೆ ಮುಖ ಎತ್ತಿ ಕೂಗಿದ: "ಏ, ಹೋಂಸ್ಟೇಯವರು ಒಯ್ತಾರಲ್ಲ, ಎಣ್ಣೆ ಬೆರೆಸೋ ಡಬ್ಬ, ಅದೊಂದು ಇಳಿಸು! ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ!"

ಬೆಲೆ ಕೇಳುತ್ತಿದ್ದವರು ಕೈಯ ಚಮಚ ಕೆಳಗಿಟ್ಟರು. ಹಿಂದಿನಿಂದ ಯಾರೋ ಮೇಷ್ಟ್ರ ಹೆಗಲ ಮೇಲೆ ಮೆತ್ತಗೆ ಕೈಯಿಟ್ಟರು. ತಿರುಗಿದರೆ ಮಲ್ಲೇಶಪ್ಪನವರು. ನಿವೃತ್ತ ಹೆಡ್‌ಮಾಸ್ಟರು, ಕುಡಿತ ಬಿಡಿಸುವ ಶಿಬಿರ ನಡೆಸುತ್ತಾರೆ. ತಾಲ್ಲೂಕಿನಲ್ಲಿ ಕುಡಿಯುವವರೆಲ್ಲ ಒಂದೋ ಅವರ ಶಿಬಿರಕ್ಕೆ ಸೇರಿದವರು, ಇಲ್ಲ ಅವರನ್ನು ಕಂಡರೆ ಬೇಲಿ ಹಾರುವವರು.

"ಮನಸ್ಸಿಗೆ ಏನಾದ್ರೂ ನೋವಿದ್ಯಾ ಸೀತಾರಾಮ?" ಎಂದರು.

"ಇಲ್ಲ ಸಾರ್."

"ಎಲ್ರೂ ಮೊದ್ಲು ಹಂಗೇ ಹೇಳ್ತಾರೆ."

ಮೇಷ್ಟ್ರು ಡಬ್ಬವನ್ನು ಚೀಲಕ್ಕೆ ತುರುಕಿ ಬಸ್‌ಸ್ಟ್ಯಾಂಡಿನ ಕಡೆ ಓಡುನಡಿಗೆಯಲ್ಲಿ ಹೊರಟರು. ಶೃಂಗೇರಿ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಉಸ್ಸೆಂದು ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಮಲ್ಲೇಶಪ್ಪ ಕೂತಿದ್ದರು.

"ನಿಮ್ಮ ಭಾವನ ಹತ್ರ ಒಂದು ಮಾತಾಡೋದಿದೆ. ಇಂಥದ್ರಲ್ಲಿ ಮನೆಯವರ ಸಹಕಾರ ಬಹಳ ಮುಖ್ಯ."

ಹರಿಹರಪುರದ ತಿರುವುಗಳು ಶುರುವಾದವು. ಬಸ್ಸು ಎಡಕ್ಕೆ ವಾಲಿದರೂ ಬಲಕ್ಕೆ ವಾಲಿದರೂ ಚೀಲದೊಳಗಿನ ಡಬ್ಬ ಮುಚ್ಚಳ ಬಡಿದು 'ಟಣ್' ಅನ್ನುತ್ತಿತ್ತು. ಮಲ್ಲೇಶಪ್ಪ ಚೀಲವನ್ನೇ ನೋಡುತ್ತಿದ್ದರು.

"ಅದ್ರಲ್ಲಿ ಏನಾದ್ರೂ ಇದ್ಯಾ?"

"ಇಲ್ಲ ಸಾರ್, ಖಾಲಿ."

"ಇಷ್ಟು ಬೇಗ?" ಅಂದರು ಮಲ್ಲೇಶಪ್ಪ, ತುಂಬ ಮರುಕದಿಂದ.

ಅಷ್ಟರಲ್ಲಿ ಫೋನು. ಕಮಲ. ಹಲೋ ಇಲ್ಲ, ಗಿಲೋ ಇಲ್ಲ. "ಎಷ್ಟು ದಿನದಿಂದ ನಡೀತಿದೆ ಇದು?"

"ಎಂಥದು?"

"ಸೀತಕ್ಕ ಎಲ್ಲ ಹೇಳಿದ್ರು. ನಾನು ಈ ಕಡೆ ಕಾಲಿಟ್ಟದ್ದೇ ಜಗಲಿ ತುಂಬ ಗ್ಲಾಸು ಹರವಿಕೊಂಡು ಕೂತಿದ್ರಂತಲ್ಲ. ಕೇಳಿದ್ರೆ ಮಳೆ, ಕೊಡೆ ಅಂತ ಏನೇನೋ ಬಡಬಡಿಸಿದ್ರಂತೆ."

ನಿಜ ಹೇಳಿಬಿಡೋಣವೆಂದರೆ ಪಕ್ಕದಲ್ಲಿ ಮಲ್ಲೇಶಪ್ಪನವರ ಕಿವಿ ಕೆಸುವಿನ ಎಲೆಯಷ್ಟಗಲ ಅರಳಿ ನಿಂತಿದೆ. ಇವರ ಕಿವಿಗೆ ಬಿದ್ದದ್ದು ಭಾವನ ಕಿವಿಗೆ ಬೀಳದೆ ಇದ್ದೀತೇ? "ಮನೆಗೆ ಬಂದ ಮೇಲೆ ಎಲ್ಲ ಹೇಳ್ತೇನೆ ಕಮಲ" ಅಂದರು ಮೇಷ್ಟ್ರು. ಆ ಕಡೆಯಿಂದ ಮೂಗು ಸೀಟುವ ಸದ್ದು ಕೇಳಿ ಫೋನು ಕಟ್ಟಾಯಿತು.

ಎಂಥ ಸಾವು ಮಾರಾಯ, ಎಂದುಕೊಂಡರು ಮೇಷ್ಟ್ರು. ತಿಂಗಳುಗಟ್ಟಲೆ ಬಗ್ಗಿ ಕೂತ ಬೆನ್ನು, ಮಂಜಾದ ಕಣ್ಣು. ಕೊನೆಗೆ ಸಿಕ್ಕಿದ್ದು ಇದು. ಆದರೂ ಕೂಸಿನ ಮದುವೆ. ಎತ್ತಿ ಆಡಿಸಿದ ಕೂಸು. ಏನೇ ಬಂದರೂ ಬಾಯಿ ಬಿಡಬಾರದು ಎಂದು ಗಟ್ಟಿ ಮಾಡಿಕೊಂಡರು.

ಭಾವನ ಮನೆ ಹೊಕ್ಕರೆ ನಡುಮನೆಯಲ್ಲಿ ಸುಬ್ಬಯ್ಯನವರ ಎದುರು ಸಾಕ್ಷಾತ್ ಪ್ರಶಾಂತನೇ ಕಾಫಿ ಕುಡಿಯುತ್ತ ಕೂತಿದ್ದಾನೆ. ಸೀರೆಯ ಕುಚ್ಚು ಹಾಕಿಸಲು ಹೋದ ಶ್ರೀರಂಜನಿ ಇನ್ನೂ ಬಂದಿರಲಿಲ್ಲ. ಮೇಷ್ಟ್ರು ಚಪ್ಪಲಿ ಬಿಡುವುದರೊಳಗೆ ಮಲ್ಲೇಶಪ್ಪ ಸುಬ್ಬಯ್ಯನವರ ಕಿವಿಯಲ್ಲಿ ಪಿಸುಗುಟ್ಟಿ ಮುಗಿಸಿಯೂ ಆಗಿತ್ತು.

ಸುಬ್ಬಯ್ಯನವರು ಕೈ ಚಾಚಿದರು. ಮೇಷ್ಟ್ರು ಚೀಲ ಕೊಟ್ಟರು. ಲಗ್ನಪತ್ರಿಕೆಯ ಕಟ್ಟು ಬಂತು, ಅದರ ಬೆನ್ನಿಗೆ ಕೆಂಪು, ಹಸಿರು, ಹಳದಿ ಗ್ಲಾಸುಗಳ ಕಟ್ಟು ಬಂತು, ಕೊನೆಗೆ ಥಳಥಳ ಹೊಳೆಯುವ ಡಬ್ಬ ಬಂತು. ಡಬ್ಬ ನೋಡಿದ್ದೇ ಪ್ರಶಾಂತನ ಕಣ್ಣು ಹೊಳೆಯಿತು. ಮೇಷ್ಟ್ರು ಅದನ್ನು ಕಂಡರು. ಹುಡುಗ ಈಗ ಬಾಯಿಬಿಟ್ಟರೆ ಮುಗಿಯಿತು.

"ಯಾರದಿದು?" ಎಂದರು ಸುಬ್ಬಯ್ಯನವರು.

"ನಂದು ಭಾವ" ಎಂದರು ಮೇಷ್ಟ್ರು, ಪ್ರಶಾಂತ ಬಾಯಿ ತೆರೆಯುವ ಮೊದಲೇ. "ನಂದೇ. ಸುಮಾರು ದಿನದಿಂದ ಅಭ್ಯಾಸ ಆಗಿಬಿಟ್ಟಿದೆ. ಚಿತ್ರಾನೂ ಅದೇ ಗುಂಗಲ್ಲಿ ಬರೆದದ್ದು. ಬೇರೆ ಯಾರಿಗೂ ಇದರಲ್ಲಿ ಸಂಬಂಧ ಇಲ್ಲ."

ಒಳಗಿನಿಂದ ಬಂದ ಅಕ್ಕ ಶಾರದಾಂಬ ಬಾಗಿಲ ಚೌಕಟ್ಟು ಹಿಡಿದು, "ಅಯ್ಯೋ ನನ್ನ ತಮ್ಮನೇ" ಎಂದು ಕುಸಿದು ಕೂತಳು. ಮಲ್ಲೇಶಪ್ಪ, "ಒಪ್ಕೊಂಡ್ಯಲ್ಲ, ಅಲ್ಲಿಗೆ ಅರ್ಧ ಗುಣ ಆದ ಹಂಗೆ" ಎಂದು ಬೆನ್ನು ತಟ್ಟಿದರು. ಮೇಷ್ಟ್ರಿಗೆ ಸುಸ್ತಿನ ನಡುವೆಯೂ ಒಂದು ಬಗೆಯ ಸಮಾಧಾನ. ಮರ್ಯಾದೆ ಹೋದರೆ ಹೋಗಲಿ, ಮದುವೆ ಉಳಿಯಿತು.

ಸುಬ್ಬಯ್ಯನವರು ನಿಧಾನವಾಗಿ ಕನ್ನಡಕ ತೆಗೆದರು.

"ಅಲ್ಲ ಸೀತಾರಾಮ, ಕುಡಿಯೋದು ಬಿಡೋದು ಅವರವರ ಇಷ್ಟ. ಈ ಪ್ರಶಾಂತನನ್ನೇ ನೋಡು. ಹೆಣ್ಣು ನೋಡೋಕೆ ಬಂದ ದಿನವೇ ನನ್ನೆದುರು ಕೂತು, 'ಹೋಟೆಲಿನ ಬಾರಿನಲ್ಲಿ ಕಾಕ್‌ಟೇಲ್ ಬೆರೆಸೋದೇ ನನ್ನ ಉದ್ಯೋಗ. ಅಪರೂಪಕ್ಕೆ ನಾನೂ ತಗೋತೇನೆ. ಒಪ್ಪಿಗೆ ಇದ್ರೆ ಮಾತ್ರ ಮುಂದುವರಿಸಿ' ಅಂದ. ನನಗೆ ಕಷ್ಟವೇ ಆಯ್ತು. ಆದ್ರೆ ಸತ್ಯ ಹೇಳೋ ಅಳಿಯ ಎಲ್ಲಿ ಸಿಗ್ತಾನೆ? ಒಪ್ಪಿದೆ. ಅವರ ಸ್ನೇಹಿತರ ಸಂಜೆಗೆ ಸಿರಿಮನೆಯ ಹೋಂಸ್ಟೇ ಗೊತ್ತು ಮಾಡಿಕೊಟ್ಟವನೂ ನಾನೇ. ನೀನು ಈ ವಯಸ್ಸಿಗೆ, ಹೆಂಡತಿಯನ್ನು ತವರಿಗೆ ಅಟ್ಟಿ, ಕದ್ದು ಕುಡಿದ್ಯಲ್ಲ! ಅದು ನನಗೆ ಸಹಿಸೋಕಾಗಲ್ಲ."

ಮೇಷ್ಟ್ರು ಪ್ರಶಾಂತನ ಕಡೆ ತಿರುಗಿದರು. ಅವನು ಹೌದೆಂದು ತಲೆಯಾಡಿಸಿದ.

ಅಷ್ಟು ಹೊತ್ತಿಗೆ ಶ್ರೀರಂಜನಿ ಬಂದಳು. ನಡುಮನೆಯ ಮುಖಗಳನ್ನು ನೋಡಿ, ಅಮ್ಮನ ಬಾಯಿಂದ ವಿಷಯ ಕೇಳಿ, "ಅಪ್ಪ, ಮಾವ ಕುಡಿಯೋದೇ ಇಲ್ಲ! ಕಾರ್ಡು ಬರೆಯೋಕೆ ಹೇಳಿದ್ದು ನಾನು. ಡಬ್ಬ ನಾನು ತರಿಸಿದ್ದು" ಎಂದು ಕೂಗಿದಳು.

"ಹೌದು ಭಾವ, ಕೂಸು ನಿಮಗೆ ಹೇಳ್ಬೇಡ ಅಂದಿದ್ದಕ್ಕೆ ನಾನು..." ಎಂದು ಮೇಷ್ಟ್ರು ತಡವರಿಸಿದರು.

"ನಾನು ಹೇಳ್ಬೇಡಿ ಅಂದಿದ್ದು ಅದಕ್ಕಲ್ಲ ಮಾವ! ನಿಮಗೆ ಇನ್ನು ಒಂದು ಗೆರೆಯ ಕೆಲ್ಸವನ್ನೂ ಹೇಳ್ಕೂಡದು, ಪಾಪ ಸಾಕಾಗಿದೆ ಅಂತ ಅಪ್ಪ ತಾಕೀತು ಮಾಡಿದ್ರು. ಅದಕ್ಕೆ."

ಸುಬ್ಬಯ್ಯನವರು ಮಗಳ ತಲೆ ಸವರಿದರು. "ಸಾಕು ಕೂಸೇ. ಮಾವನ ಮೇಲಿನ ಪ್ರೀತಿಗೆ ನೀನು ಹೀಗೆ ಹೇಳ್ತೀಯ, ನನಗೆ ಗೊತ್ತು. ಅಡಗಿಸೋ ವಿಷಯವೇ ಅಲ್ಲದ ಮೇಲೆ ಯಾವನಾದ್ರೂ ತನ್ನ ಮೇಲೆ ತಾನೇ ಇಂಥ ಸುಳ್ಳು ಹೊರಿಸಿಕೊಳ್ತಾನಾ? ಅಂಥ ಮೂರ್ಖ ಇರ್ತಾನಾ?"

ಸ್ವತಃ ಮೇಷ್ಟ್ರಿಗೇ ಭಾವ ಹೇಳುವುದು ಸರಿ ಅನ್ನಿಸಿತು.

ಪ್ರಶಾಂತ ಮೆಲ್ಲಗೆ ಪಕ್ಕಕ್ಕೆ ಸರಿದು ಬಂದು ಪಿಸುಗುಟ್ಟಿದ: "ಮಾವ, ಬೇಜಾರು ಮಾಡ್ಕೋಬೇಡಿ. ಪಾರ್ಟಿಯ ಸಂಜೆ ಹೋಂಸ್ಟೇಯ ಹಿಂದಿನ ಬಾಗಿಲಿಗೆ ಬನ್ನಿ. ನಿಮಗೊಂದು ಬೇರೆ ಮಾಡಿಟ್ಟಿರ್ತೇನೆ, ಸ್ಟ್ರಾಂಗಾಗಿ."

ಸುಬ್ಬಯ್ಯನವರು ಎದ್ದು ಒಳಗೆ ಹೋಗಿ, ಎರಡು ಕೈಯಲ್ಲೂ ಹಿಡಿಸದಷ್ಟು ದೊಡ್ಡ ಕಟ್ಟೊಂದನ್ನು ತಂದು ಮೇಷ್ಟ್ರ ಮುಂದೆ ಧೊಪ್ಪೆಂದು ಇಟ್ಟರು. ಒಂದು ಗೆರೆಯೂ ಇಲ್ಲದ ಬಿಳೀ ಕಾರ್ಡುಗಳು.

"ಉಳಿದದ್ದನ್ನೆಲ್ಲ ನಾಳೆ ಪ್ರೆಸ್ಸಿಗೆ ಕೊಡ್ಬೇಕು, ನಿನ್ನ ಕೈಗೆ ವಿಶ್ರಾಂತಿ ಸಿಗ್ಲಿ ಅಂತಿದ್ದೆ. ತಪ್ಪು ನಂದು. ಕೈ ಬಿಡುವಾದ್ರೆ ಮನಸ್ಸು ಬಾಟ್ಲಿ ಕಡೆ ಹೋಗ್ತದೆ. ಪ್ರೆಸ್ಸು ಬೇಡ. ಅಷ್ಟೂ ನೀನೇ ಬರಿ. ಇಲ್ಲೇ, ನನ್ನ ಕಣ್ಣೆದುರಿಗೆ ಕೂತು. ಶಾಲೆಗೆ ರಜೆ ಬಗ್ಗೆ ಮಲ್ಲೇಶಪ್ಪನೋರು ಮಾತಾಡ್ತಾರೆ."

ಈಗ, ಈ ಕ್ಷಣದಲ್ಲಿ 'ಬೇಡ' ಅಂದುಬಿಡಬೇಕು ಎಂದು ಮೇಷ್ಟ್ರು ಸರ್ವಶಕ್ತಿಯನ್ನೂ ಒಟ್ಟುಗೂಡಿಸಿದರು. ಅಕ್ಕ ಕಣ್ಣೊರೆಸಿಕೊಳ್ಳುತ್ತ ಒಂದು ಮಣೆ, ಒಂದು ಬಟ್ಟಲು ನೀರು, ಶ್ರೀರಂಜನಿಯ ಹಳೆಯ ಬಣ್ಣದ ಪೆಟ್ಟಿಗೆ ತಂದಿಟ್ಟಳು. ಆ ಮುಖ ನೋಡಿ ಮೇಷ್ಟ್ರು, "ಆಯ್ತು" ಅಂದರು.

ಕುಂಚ ಅದ್ದಿ, ಮೊದಲ ಗಣಪತಿಯ ಸೊಂಡಿಲಿಗೆ ಕೈಯಿಟ್ಟರು. ತಿಂಗಳುಗಟ್ಟಲೆ ಅದೇ ಸೊಂಡಿಲು ಎಳೆದೆಳೆದು ಸೋತ ಬೆರಳು ಗಡಗಡ ನಡುಗಿತು. ಸೊಂಡಿಲು ಕೊಪ್ಪದ ರಸ್ತೆಯ ಹಾಗೆ ಅಂಕುಡೊಂಕಾಗಿ ಎತ್ತಲೋ ಹೋಯಿತು. ಅಕ್ಕ, "ನೋಡ್ರೀ, ಕೈ ನೋಡ್ರೀ!" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

"ಹೆದರ್ಕೋಬೇಡಿ ಅಮ್ಮ" ಎಂದರು ಮಲ್ಲೇಶಪ್ಪ, ಬಗ್ಗಿ ನೋಡಿ, ಎಲ್ಲ ಬಲ್ಲವರಂತೆ ತಲೆದೂಗುತ್ತ. "ಬಿಟ್ಟ ಮೊದಲ ದಿನ ಎಲ್ರಿಗೂ ಹೀಗೇ. ನಾಳೆ ಇನ್ನೂ ಜಾಸ್ತಿ ಆಗ್ತದೆ."