ಸೇಡಂ ರಸ್ತೆಯ ಮೀನಿನ ಖಾನಾವಳಿಯ ಒಡತಿಗೆ, ಎದುರು ಹೋಟೆಲಿನವನಿಂದ

ಕಲಬುರಗಿ, ಫೆಬ್ರವರಿ ೧೯೯೬

ಮಾನ್ಯರಾದ ಮಸ್ತಾನಬಿ ಅವರ ಸನ್ನಿಧಾನಕ್ಕೆ, ರಸ್ತೆಯ ಈಚೆ ಬದಿಯಿಂದ ಯಂಕಪ್ಪನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಮ್ಮ ಖಾನಾವಳಿಗೆ ಬೋರ್ಡಿಲ್ಲ, ಫ್ಯಾನು ಇದ್ದರೂ ತಿರುಗುವುದಿಲ್ಲ, ಭೀಮಾ ಹೊಳೆಯಿಂದ ಬೆಳಿಗ್ಗೆ ಬಂದ ಮೀನು ಮುಗಿದರೆ ಮಧ್ಯಾಹ್ನ ಎರಡಕ್ಕೇ ಬಾಗಿಲು ಹಾಕುತ್ತೀರಿ. ಇಷ್ಟೆಲ್ಲ ಸೌಕರ್ಯಗಳಿರುವಾಗ ಮೂವತ್ತು ವರ್ಷಗಳಿಂದ ಜನ ಮುಗಿಬೀಳುತ್ತಿರುವುದು ಸಹಜವೇ. ನಾನಾದರೋ ಕಮಲಾಪುರದ ಮನೆ ಮಾರಿ, ಬಣ್ಣದ ಗಾಜು ಹಾಕಿಸಿ, ಗೋಡೆಯ ತುಂಬ ಸಮುದ್ರ ಬರೆಸಿ, ನಲವತ್ತು ಕುರ್ಚಿಗಳ ‘ಸಾಗರ ಫಿಶ್ ಪ್ಯಾಲೇಸ್’ ತೆರೆದು ಎಂಟು ತಿಂಗಳಾಯಿತು. ಒಳಗೆ ಬಂದವರಲ್ಲಿ ಹೆಚ್ಚಿನವರು ತಮ್ಮ ಖಾನಾವಳಿ ಎಲ್ಲಿದೆಯೆಂದು ಕೇಳಲು ಬಂದವರು. ಯುಗಾದಿಯವರೆಗೂ ಹೀಗೇ ಆದರೆ ನಾನು ಬೀಗ ಹಾಕಬೇಕಾಗುತ್ತದೆ.

ಮೊದಲ ದೂರು ತಮ್ಮ ಬೆಂಚಿನದು. ತಮ್ಮ ಮಾವನವರ ಕಾಲದ ಆ ಉದ್ದ ಬೆಂಚಿಗೆ ಕಾಲುಗಳೆಲ್ಲ ನಡುವಿನಲ್ಲೇ ಇರುವುದರಿಂದ, ಒಂದು ತುದಿಯವನು ಎದ್ದರೆ ಇನ್ನೊಂದು ತುದಿಯವನು ತಟ್ಟೆಸಮೇತ ನೆಲ ಸೇರುತ್ತಾನೆ. ಯಾರಾದರೂ ಏಳಹೊರಟರೆ ತಮ್ಮ ಅಳಿಯ ಮಂಜೂರ್ “ಕೂಡ್ರಿ ಸಾಹೇಬ್ರ, ಬಾಜೂದವ್ರು ಬೀಳ್ತಾರ” ಎಂದು ಕೂಗುತ್ತಾನೆ. ಹೀಗಾಗಿ ಉಂಡವರು ಉಣ್ಣುವವರಿಗಾಗಿ ಕಾಯುತ್ತಾರೆ, ಕಾಯುತ್ತ ಮಾತಿಗಿಳಿಯುತ್ತಾರೆ, ಮಾತಿನ ಭರದಲ್ಲಿ ಮತ್ತೊಂದು ಮೀನು ಹೇಳುತ್ತಾರೆ. ನಂದೂರಿನ ದಾಲ್ ಮಿಲ್ಲಿನ ಹಮಾಲನ ಅರ್ಜಿಯನ್ನು ವಕೀಲರೊಬ್ಬರು ಪುಕ್ಕಟೆ ಬರೆದುಕೊಟ್ಟದ್ದು ಅಲ್ಲೇ. ನನ್ನ ಹೋಟೆಲಿನಲ್ಲಿ ಬಂದವರು ತಮ್ಮಷ್ಟಕ್ಕೆ ಉಂಡು, ತಮ್ಮಷ್ಟಕ್ಕೆ ಎದ್ದು ಹೋಗುತ್ತಾರೆ.

ಆ ಬೆಂಚನ್ನು ಹೊರಹಾಕಿಸಲೆಂದೇ ನಾನು ಹೋದ ತಿಂಗಳು ಹನ್ನೆರಡು ಕುರ್ಚಿಗಳನ್ನು ಕಾಣಿಕೆಯಾಗಿ ಕಳಿಸಿದೆ ಎಂದು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ತಾವು ಬೆಂಚನ್ನು ಅಲ್ಲಾಡಿಸಲಿಲ್ಲ, ಕುರ್ಚಿಗಳನ್ನು ಹೊರಗೆ ಚಪ್ಪರ ಹಾಕಿಸಿ ಅದರಡಿ ಇಟ್ಟಿರಿ. ಮೊದಲು ಬಿಸಿಲಿಗೆ ಹೆದರಿ ವಾಪಸು ಹೋಗುತ್ತಿದ್ದವರೂ ಈಗ ನೆರಳಿನಲ್ಲಿ, ‘ಸಾಗರ ಫಿಶ್ ಪ್ಯಾಲೇಸ್’ ಎಂದು ಬೆನ್ನಿಗೆ ಬರೆದ ಕುರ್ಚಿಗಳಲ್ಲಿ ಕುಳಿತು, ನನ್ನ ಖಾಲಿ ಹೋಟೆಲನ್ನು ನೋಡುತ್ತ ತಮ್ಮ ಮೀನಿಗಾಗಿ ಕಾಯುತ್ತಾರೆ.

ವಾಪಸು ಕೇಳಲು ಬಂದಾಗ ತಾವು “ಮೊದ್ಲ ಉಣ್ರಿ ಯಂಕಪ್ಪಣ್ಣ, ಆಮ್ಯಾಲ ಒಯ್ಯೀರಂತ” ಎಂದಿರಿ. ತಮ್ಮ ಮಗಳು ಹಲೀಮಾ ಜೋಳದ ರೊಟ್ಟಿಯ ಜೊತೆ ಹುಣಸೆಹುಳಿಯ ಮೀನು ಸಾರು ಬಡಿಸಿದಳು. ಉಂಡೆ. ಕುರ್ಚಿ ಮರೆತು ಬಂದೆ. ಸುಳ್ಳು ಹೇಳಲಾರೆ, ಅಂಥ ಸಾರನ್ನು ನನ್ನ ಅಡುಗೆಯವನು ಏಳು ಜನ್ಮವೆತ್ತಿದರೂ ಮಾಡಲಾರ.

ಆದ್ದರಿಂದ ತಾವು ದಯಮಾಡಿ ವಾರಕ್ಕೊಮ್ಮೆಯಾದರೂ ಸಾರಿಗೆ ಉಪ್ಪು ಮರೆಯಬೇಕು, ಒಗ್ಗರಣೆಯ ವಾಸನೆ ರಸ್ತೆ ದಾಟದಂತೆ ನೋಡಿಕೊಳ್ಳಬೇಕು, ಗಿರಾಕಿಗಳು ಹೆಚ್ಚಿರುವ ಶುಕ್ರವಾರಗಳಂದು ಮನೆಮಂದಿಗೆಲ್ಲ ನೆಗಡಿಯಾಗಬೇಕು. ಇದ್ಯಾವುದೂ ಸಾಧ್ಯವಾಗದೆಂದು ಬಲ್ಲೆನಾದ್ದರಿಂದ, ಯುಗಾದಿಗೆ ಕಾಯದೆ ಇವತ್ತೇ ಬೋರ್ಡು ಇಳಿಸಿದ್ದೇನೆ. ನಾಳೆಯಿಂದ ಇಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಮಾರುತ್ತೇನೆ.

ಸೋತರೂ ತೃಪ್ತಿಯಾಗಿ ಉಂಡಿರುವ,
ತಮ್ಮ ವಿಶ್ವಾಸಿ,
ಯಂಕಪ್ಪ

ತಾ.ಕ.: ಗಂಟಲಲ್ಲಿ ಮುಳ್ಳು ಸಿಕ್ಕವರು ಬಾಳೆಹಣ್ಣು ನುಂಗುತ್ತಾರೆಂಬುದು ತಮಗೂ ಗೊತ್ತು. ತಾವು ಮುದುಕರಿಗೂ ಮಕ್ಕಳಿಗೂ ಮುಳ್ಳು ಬಿಡಿಸಿ ಬಡಿಸುವುದು ಪುಣ್ಯದ ಕೆಲಸ, ಅದು ನಡೆಯಲಿ. ಹಣ್ಣು ಕೊಳ್ಳಲು ಕಾಸಿರುವ ವಕೀಲರ ಮೀನನ್ನು ಮಾತ್ರ ಮುಳ್ಳುಸಮೇತ ಹಾಗೆಯೇ ಬಿಡಿ.