ಪಡಸಾಲೆಯ ಶೈಲಿ ಹಾಗೂ ಕೌದಿಯ ಹೊಟ್ಟೆಯ ಕುರಿತು

ಆಪ್ತ ಕೃಷಿಗೃಹ ಶೈಲಿ ಅನುಷ್ಠಾನ ಕಚೇರಿ, ಸೋಲಾಪುರ

ಸಂಖ್ಯೆ: ಆಕೃಶೈ/ಪಡ/ವಾಗ/೨೩/೨೦೨೪-೨೫
ದಿನಾಂಕ: ೨೦-೦೧-೨೦೨೫

ವಿಷಯ: ಅಕ್ಕಲಕೋಟ ತಾಲೂಕು ವಾಗದರಿಯ ಉಮಾಬಾಯಿ ಕಲ್ಯಾಣಪ್ಪ ಇವರ ಪಡಸಾಲೆಯನ್ನು ಫಾರ್ಮ್‌ಹೌಸ್ ಶೈಲಿಯಲ್ಲಿ ಅಲಂಕರಿಸಿದ ಬಗ್ಗೆ, ಸದರಿ ಪಡಸಾಲೆಯ ಗೋಡೆಯಿಂದ ಕೌದಿ ಇಳಿದ ಬಗ್ಗೆ, ಅದರಲ್ಲಿ ಮಲಗಿರುವ ಕೂಸಿನ ಬಗ್ಗೆ.

ಉಲ್ಲೇಖ: ೧) ಈ ಕಚೇರಿಯ ಸುತ್ತೋಲೆ, ದಿ. ೦೨-೧೨-೨೦೨೪ (ಮೂಲ ಪ್ರತಿಯು ಸದ್ಯ ತೆಗೆಯಲಾಗದ ಸ್ಥಳದಲ್ಲಿದೆ, ಕಲಂ ೧೧ ನೋಡುವುದು). ೨) ರೊಟ್ಟಿ ಜಪ್ತಿ ಪಂಚನಾಮೆ, ದಿ. ೦೪-೦೧-೨೦೨೫. ೩) ಉಮಾಬಾಯಿ ಇವರ ಹೇಳಿಕೆಗಳು (ಕೇಳದಿದ್ದರೂ ನೀಡಿದ್ದು).

ಪ್ರಸ್ತಾವನೆ: ಹಳ್ಳಿಯ ಮನೆಯಲ್ಲಿ ಎರಡು ದಿನ ತಂಗಲು ಬಯಸುವ ನಗರವಾಸಿಗಳಿಗಾಗಿ ಮಾದರಿ ಪಡಸಾಲೆಯೊಂದನ್ನು ಸಿದ್ಧಪಡಿಸುವ ಉದ್ದೇಶದಿಂದ ಕಲ್ಯಾಣಪ್ಪ ಇವರ ಮನೆಯನ್ನು ಆಯ್ಕೆ ಮಾಡಲಾಗಿತ್ತು. ಮೂರು ತಲೆಮಾರಿನಿಂದ ಒಕ್ಕಲುತನ ನಡೆದಿರುವ ಮನೆಯಾದರೂ ಅದು ರೈತರ ಮನೆಯಂತೆ ಕಾಣುತ್ತಿಲ್ಲವೆಂದು ಶೈಲಿ ಸಹಾಯಕರಾದ ಶ್ರೀ ಸ್ವಪ್ನಿಲ ಇವರು ವರದಿ ಸಲ್ಲಿಸಿದರು. ಈ ಕುರಿತು ಮನೆಯೊಡತಿ ಉಮಾಬಾಯಿ ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ರೈತರ ಮನಿ ಹಂಗ ಕಾಣಂಗಿಲ್ಲಂದ್ರ ಇಷ್ಟು ವರ್ಷ ನಾವು ಯಾರ ಮನ್ಯಾಗ ಇದ್ದಿವ್ರಿ ಸಾಹೇಬರ?” ಈ ಪ್ರಶ್ನೆಯು ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.

ಅದರಂತೆ ಸಂಬಂಧಪಟ್ಟ ಎಲ್ಲರಿಗೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

೧. ಪಡಸಾಲೆಯಲ್ಲಿ ತೊಗರಿ ತುಂಬಿದ ಚೀಲಗಳನ್ನು ಇಡತಕ್ಕದ್ದಲ್ಲ. ಅವುಗಳ ಬದಲು ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಮಗ್ಗಗಳಲ್ಲಿ ಉಳಿದ ನೂಲಿನ ಗಂಟು ತುಂಬಿದ, ಮೇಲೆ ‘ತೊಗರಿ’ ಎಂದು ಮುದ್ರಿಸಿದ ನಾಲ್ಕು ಚೀಲಗಳನ್ನು ಪೂರೈಸಲಾಗಿದೆ. ನಿಜವಾದ ತೊಗರಿಯು ಅಂಗಳದಲ್ಲಿ ಮಂಜಿಗೆ ನೆನೆಯುತ್ತಿದೆ ಎಂಬ ದೂರು ಬಂದಿರುತ್ತದೆ. ತೊಗರಿಯು ಶೈಲಿಯ ಭಾಗವಲ್ಲ.

೨. ಮನೆಯ ಸಾಗವಾನಿ ಬಾಗಿಲು ತೊಂಬತ್ತು ವರ್ಷದ್ದಾಗಿದ್ದರೂ ಸಾಕಷ್ಟು ಹಳೆಯದಾಗಿ ಕಾಣುತ್ತಿರಲಿಲ್ಲ. ಆದ್ದರಿಂದ ಅದನ್ನು ತೆಗೆದು, ಹೊಸ ಕಟ್ಟಿಗೆಯನ್ನು ಸರಪಳಿಯಿಂದ ಹೊಡೆದು, ಉಪ್ಪುಕಾಗದದಿಂದ ತಿಕ್ಕಿ, ಅಲ್ಲಲ್ಲಿ ಬಿಳಿ ಬಣ್ಣ ಬಳಿದು ತಯಾರಿಸಿದ ಹಳೆಯ ಬಾಗಿಲನ್ನು ಕೂರಿಸಲಾಗಿದೆ. ಮೊದಲಿನ ಬಾಗಿಲು ಸೋಲಾಪುರದ ವ್ಯಾಪಾರಸ್ಥರೊಬ್ಬರ ದಿವಾಣಖಾನೆಯಲ್ಲಿ ಟೀಪಾಯಿಯಾಗಿ ಸುಖವಾಗಿದೆ.

೩. ಆಕಳ ಕೊರಳಿನ ಗಂಟೆಯನ್ನು ಗೋಡೆಗೆ ನೇತುಹಾಕಲಾಗಿದೆ. ಗಂಟೆಯಿಲ್ಲದ ಆಕಳು ಎರಡು ಸಲ ಮಂದಿಯ ಜೋಳಕ್ಕೆ ನುಗ್ಗಿದ್ದು, ಇನ್ನು ಮುಂದೆ ಆಕಳು ಎಲ್ಲಿದೆ ಎಂದು ತಿಳಿಯಬೇಕಾದಲ್ಲಿ ಗೋಡೆಯನ್ನು ಬಾರಿಸಿ ನೋಡುವುದು.

೪. ಟಿವಿಯನ್ನು ಮೊರದಿಂದ ಮುಚ್ಚತಕ್ಕದ್ದು. ಕ್ರಿಕೆಟ್ ಇದ್ದ ದಿನ ಕಲ್ಯಾಣಪ್ಪ ಇವರು ಮೊರವನ್ನು ನೋಡುತ್ತ ಕೂರಲು ಅಡ್ಡಿಯಿಲ್ಲ.

೫. ಕಲ್ಯಾಣಪ್ಪ ಇವರು ಹೊಲದಿಂದ ಬಂದಾಗ ಕಾಲು ತೊಳೆದು ಒಳಬರತಕ್ಕದ್ದು. ಅತಿಥಿಗಳಿರುವಾಗ ತೊಳೆಯದೆ ಬರತಕ್ಕದ್ದು. ಕೆಸರು ಕಣಕಾಲಿನವರೆಗೆ ಮಾತ್ರ ಇರಬೇಕು. ಹೊಲದಲ್ಲಿ ಕೆಸರಿಲ್ಲದಿದ್ದಲ್ಲಿ ಕಚೇರಿಯಿಂದ ಡಬ್ಬಿ ಪಡೆಯಬಹುದು.

೬. ಸೋಫಾ, ತೂಗುಮಂಚ ಮತ್ತು ದಿಂಬುಗಳು ಅತಿಥಿಗಳ ಆಪ್ತತೆಗಾಗಿ ಇರುತ್ತವೆ. ಮನೆಯವರು ಅವುಗಳ ಮೇಲೆ ಕೂರತಕ್ಕದ್ದಲ್ಲ. ಒಳಬಂದ ಏಳು ನಿಮಿಷದೊಳಗೆ ಅತಿಥಿಗೆ ತಾಯಿಯ ಮನೆಗೆ ಬಂದಂತೆ ಅನ್ನಿಸಬೇಕು. ಹೆರಿಗೆಗೆಂದು ನಿಜವಾಗಿಯೂ ತಾಯಿಯ ಮನೆಗೆ ಬಂದಿರುವ ಮಗಳು ಶುಭಾಂಗಿ ಇವರು ಈ ಅವಧಿಯಲ್ಲಿ ಹಿತ್ತಲ ಕೋಣೆಯಲ್ಲಿ ಇರತಕ್ಕದ್ದು. ಮನೆಯು ರೈತರ ಮನೆಯಂತೆ ಕಾಣಲು ಅದರಲ್ಲಿರುವ ರೈತರೇ ಮುಖ್ಯ ಅಡಚಣೆಯಾಗಿದ್ದಾರೆಂದು ಕಚೇರಿಯು ವಿಷಾದದಿಂದ ಗಮನಿಸಿದೆ.

೭. ಬುಟ್ಟಿಯಲ್ಲಿ ಜೋಡಿಸಿದ ರೊಟ್ಟಿಗಳು ಪ್ಲಾಸ್ಟಿಕ್ಕಿನವು. ಅತಿಥಿಯೊಬ್ಬರು ಶೇಂಗಾ ಚಟ್ನಿ ಹಚ್ಚಿಕೊಂಡು ಅರ್ಧ ತಿಂದು “ಭಾಳ ಕಡಕ್ ಅವ, ಖರೇ ಹಳ್ಳಿ ರುಚಿ” ಎಂದು ಪುಸ್ತಕದಲ್ಲಿ ಬರೆದಿರುವುದು ಸಮಾಧಾನದ ಸಂಗತಿ.

೮. ಕೌದಿಯ ವಿವರ. ದಾಸ್ತಾನು ಕ್ರಮಾಂಕ ೨೩ರ ಕೌದಿಯನ್ನು ಉಮಾಬಾಯಿ ಇವರು ಹುಟ್ಟಲಿರುವ ಮೊಮ್ಮಗುವಿಗೆಂದು ನಾಲ್ಕು ತಿಂಗಳು ಕೂತು ಹೊಲಿದಿದ್ದರು. ಅದರಲ್ಲಿ ಅವರ ತಾಯಿಯ ಎರಡು ಇಳಕಲ್ ಸೀರೆ, ಕಲ್ಯಾಣಪ್ಪ ಇವರ ಒಂದು ಧೋತರ ಮತ್ತು ಶುಭಾಂಗಿ ಇವರ ಶಾಲೆಯ ನೀಲಿ ಲಂಗ ಇರುತ್ತವೆ. ಸ್ವಪ್ನಿಲ ಇವರು ಬಣ್ಣ ಮೆಚ್ಚಿ ಅದನ್ನು ನಾಲ್ಕು ಮೊಳೆ ಹೊಡೆದು ಗೋಡೆಗೇರಿಸಿದರು. “ತೊಟ್ಟಲಕ್ಕ ಹಾಕೋ ದಿನಾ ವಾಪಸ್ ಕೊಡ್ತೀನಿ ಕಾಕು, ಶಪ್ಪತ್” ಎಂದು ಅವರು ಬಾಯಿಮಾತಿನಲ್ಲಿ ಹೇಳಿದ್ದರೆನ್ನಲಾಗಿದೆ. ಉಮಾಬಾಯಿ ಒಪ್ಪಿದ್ದು ಆ ಮಾತಿನ ಮೇಲೆ. ಬಾಯಿಮಾತಿಗೆ ಜಾವಕ (ರವಾನೆ) ಸಂಖ್ಯೆ ಇರುವುದಿಲ್ಲ.

ದಿ. ೨೭-೧೨-೨೦೨೪ರಂದು ಹೆಣ್ಣುಕೂಸು ಜನಿಸಿತು. ದಿ. ೦೪-೦೧-೨೦೨೫ರಂದು ಕೌದಿಯ ಎಡಮೂಲೆಗೆ ಇರುವೆಗಳು ಸಾಲಾಗಿ ಏರುತ್ತಿದ್ದುದು ಕಂಡುಬಂದು, ಸದರಿ ಮೂಲೆಯನ್ನು ಕತ್ತರಿಯಿಂದ ಬಿಚ್ಚಲಾಗಿ, ಒಳಗೆ ಕಾಲುಭಾಗ ಜೋಳದ ರೊಟ್ಟಿ ಮತ್ತು ಒಂದು ಬೆಲ್ಲದ ಚೂರು ಸಿಕ್ಕವು. ವಿಚಾರಿಸಲಾಗಿ, ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯಲ್ಲಿ ರೊಟ್ಟಿ ಇಟ್ಟು ಅದರ ಹೊಟ್ಟೆ ತುಂಬಿಸುವುದು ತಮ್ಮ ಮನೆಯ ಪದ್ಧತಿಯೆಂದು ಉಮಾಬಾಯಿ ತಿಳಿಸಿದರು. ರೊಟ್ಟಿಯನ್ನು ಜಪ್ತಿ ಮಾಡಿ, ಸ್ವಪ್ನಿಲ ಇವರೇ ಏಳು ಹೊಲಿಗೆ ಹಾಕಿ ಮೂಲೆಯನ್ನು ಮುಚ್ಚಿದರು. ಆ ಹೊಲಿಗೆ ನೋಡಿ ಹೆರಿಗೆಯಾದವಳೂ ನಕ್ಕಳೆಂದು ಪಂಚನಾಮೆಯಲ್ಲಿದೆ. ಉಮಾಬಾಯಿ ನಗಲಿಲ್ಲ. ಅವರ ಹೇಳಿಕೆ: “ಗ್ವಾಡಿಗಿ ಮೊಳಿ ಹೊಡದ್ರಿ, ತಡಕೊಂಡೆ. ಈಗ ಅದರ ಹೊಟ್ಟಿ ಖಾಲಿ ಮಾಡೀರಿ. ಹಸದ ಕೌದ್ಯಾಗ ನನ್ನ ಮೊಮ್ಮಗಳನ್ನ ಮಲಗಸಂಗಿಲ್ಲ ತಮ್ಮಾ. ಅದು ರಾತ್ರೆಲ್ಲಾ ಕೂಸಿನ ನಿದ್ದಿ ತಿಂತದ.”

೯. ಬಟ್ಟೆಗೆ ಹಸಿವಾಗುವ ಬಗ್ಗೆ ನಿಯಮಾವಳಿಯಲ್ಲಿ ಅವಕಾಶವಿಲ್ಲ. ಆದರೂ ಸಹಾನುಭೂತಿಯ ದೃಷ್ಟಿಯಿಂದ ಕಲಂ ೭ರ ಪ್ಲಾಸ್ಟಿಕ್ ರೊಟ್ಟಿಯ ಕಾಲುಭಾಗವನ್ನು ಮೂಲೆಯಲ್ಲಿ ಇಡಲು ಸೂಚಿಸಲಾಯಿತು. ಉಮಾಬಾಯಿ ಇವರು ಅದನ್ನು ಸ್ವಪ್ನಿಲ ಇವರ ಊಟದ ತಾಟಿಗೆ ಬಡಿಸಿ, “ಮೊದಲ ನೀವು ಉಣ್ರಿ, ಆಮ್ಯಾಲ ಕೌದಿಗಿ ಕೊಡೋಣು” ಎಂದರು. ಕರ್ತವ್ಯನಿರತ ನೌಕರರನ್ನು ಮನೆಯವರು ‘ತಮ್ಮಾ’ ಎಂದು ಕರೆಯತಕ್ಕದ್ದಲ್ಲವೆಂದೂ ನೌಕರರು ಅದಕ್ಕೆ ‘ಹಾಂ ಕಾಕು’ ಎಂದು ಓಗೊಡತಕ್ಕದ್ದಲ್ಲವೆಂದೂ ಇದೇ ಸಂದರ್ಭದಲ್ಲಿ ಎಚ್ಚರಿಸಲಾಗಿದೆ.

೧೦. ದಿ. ೦೮-೦೧-೨೦೨೫ರಂದು ಶ್ರೀಮತಿ ಮನೀಷಾ ಇವರ ಅಧ್ಯಕ್ಷತೆಯ ಪರಿಶೀಲನಾ ಸಮಿತಿಯು ವಾಗದರಿಗೆ ಬಂದಾಗ ಗೋಡೆಯ ಮೇಲೆ ನಾಲ್ಕು ಮೊಳೆಗಳು ಮಾತ್ರ ಇದ್ದವು. ಅಂದು ತೊಟ್ಟಿಲ ದಿನವಾಗಿದ್ದು, ಉಮಾಬಾಯಿ ಇವರು ನಸುಕಿನಲ್ಲೇ ಕೌದಿಯನ್ನು ಇಳಿಸಿಕೊಂಡಿದ್ದರು. ಪಡಸಾಲೆಯ ತೊಲೆಗೆ ತೊಟ್ಟಿಲು, ತೊಟ್ಟಿಲಲ್ಲಿ ಕೌದಿ, ಕೌದಿಯಲ್ಲಿ ಅಂದೇ ನಂದಾ ಎಂದು ಹೆಸರಿಟ್ಟ ಕೂಸು. ನಿಜವಾದ ತೊಗರಿ ಚೀಲಗಳು ಒಳಗೆ ಬಂದಿದ್ದವು. ಗಂಟೆಯು ಆಕಳ ಕೊರಳಿನಲ್ಲಿತ್ತು. ಶುಭಾಂಗಿ ಸೋಫಾದ ಮೇಲಿದ್ದರು, ಅದೂ ಕಾಲು ಚಾಚಿ.

ಇಷ್ಟೆಲ್ಲ ಉಲ್ಲಂಘನೆಗಳ ನಡುವೆ ಅಧ್ಯಕ್ಷರು ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು, ತೊಗರಿ ಚೀಲದ ಮೇಲೆ ಕೂತು, ಎರಡು ಶೇಂಗಾ ಹೋಳಿಗೆ ತಿಂದು, ಮೂರನೆಯದನ್ನು ಕೇಳಿ ಪಡೆದರು. ತೊಟ್ಟಿಲ ಹಗ್ಗವನ್ನೂ ಒಮ್ಮೆ ತೂಗಿದರು. ಆಪ್ತತೆಯ ಕಲಂನಲ್ಲಿ ಹತ್ತಕ್ಕೆ ಹತ್ತು ಅಂಕ ನೀಡಲಾಗಿದೆ. ಕಚೇರಿಯ ಒಂದೇ ಒಂದು ಸೂಚನೆಯೂ ಪಾಲನೆಯಾಗದ ಪಡಸಾಲೆಗೆ ಪೂರ್ಣ ಅಂಕ ಹೇಗೆ ಬಂತೆಂಬುದರ ಬಗ್ಗೆ ಪ್ರತ್ಯೇಕ ವಿಚಾರಣೆ ನಡೆದಿದೆ.

೧೧. ಕೌದಿಯನ್ನು ಮತ್ತೆ ಗೋಡೆಗೇರಿಸಲು ಮೂರು ಸಲ ಪ್ರಯತ್ನಿಸಲಾಯಿತು. ಮೂರು ಸಲವೂ ಕೂಸು ಅತ್ತಿತು. ಅದೇ ವೇಳೆ, ಎಡಮೂಲೆಯ ಏಳು ಹೊಲಿಗೆಗಳು ಮಾಯವಾಗಿ ಅಲ್ಲಿ ಹತ್ತಿರ ಹತ್ತಿರದ ಚೊಕ್ಕ ಹೊಲಿಗೆ ಬಂದಿರುವುದೂ ಮೂಲೆಯು ದಪ್ಪಗಾಗಿರುವುದೂ ಕಂಡುಬಂತು. ಈ ಮನೆಗೆ ನೀಡಿದ್ದ ಉಲ್ಲೇಖ (೧)ರ ಸುತ್ತೋಲೆ ಎಲ್ಲಿದೆಯೆಂದು ಕೇಳಲಾಗಿ ಉಮಾಬಾಯಿ ಉತ್ತರಿಸಿದ್ದು: “ಎಲ್ಲೂ ಹೋಗಿಲ್ರಿ. ಕಾಗದ ಗಟ್ಟಿ ಇತ್ತು, ರೊಟ್ಟಿ ಕಟ್ಟಿ ಇಟ್ಟೀನಿ. ಈಗ ಇರುವಿ ಬರಂಗಿಲ್ಲ. ಸಾಹೇಬರ ಸಹಿ ಮ್ಯಾಲ ಕೂಸು ಭಾಳ ಚಂದ ಮಲಗ್ಯದ.”

ಕೆಡುವ ಪದಾರ್ಥವನ್ನು ಅಲಂಕಾರ ವಸ್ತುವಿನಲ್ಲಿ ಇಡುವಂತಿಲ್ಲವಾದ್ದರಿಂದ ಮೂಲೆಯನ್ನು ಬಿಚ್ಚತಕ್ಕದ್ದು. ಕಚೇರಿಯ ಮೊಹರು ಇರುವ ಕಾಗದಕ್ಕೆ ಕತ್ತರಿ ತಾಗಿಸುವಂತಿಲ್ಲವಾದ್ದರಿಂದ ಬಿಚ್ಚತಕ್ಕದ್ದಲ್ಲ. ಮುಂದಿನ ಆದೇಶದವರೆಗೆ ಕೂಸನ್ನು ದಾಸ್ತಾನು ಕ್ರಮಾಂಕ ೨೩/ಅ ಎಂದು ನೋಂದಾಯಿಸಿ, ಯಥಾಸ್ಥಿತಿ ಕಾಯ್ದುಕೊಂಡು, ಮಲಗಲು ಬಿಡಲಾಗಿದೆ. ಮೊಳೆಗಳು ಕಚೇರಿಯ ಸ್ವತ್ತಾಗಿದ್ದು ಅವು ಗೋಡೆಯಲ್ಲೇ ಇರುತ್ತವೆ. ಅವುಗಳಿಗೆ ಬಾಣಂತಿಯ ಬಟ್ಟೆ ಒಣಹಾಕಿರುವುದನ್ನು ಆಕ್ಷೇಪಿಸಲಾಗಿದೆ.

(ಸಹಿ/-)
ಹಿರಿಯ ಶೈಲಿ ಅಧಿಕಾರಿ
ಆಪ್ತ ಕೃಷಿಗೃಹ ಶೈಲಿ ಅನುಷ್ಠಾನ ಕಚೇರಿ, ಸೋಲಾಪುರ

ಪ್ರತಿಗಳು:

೧. ಶ್ರೀಮತಿ ಮನೀಷಾ, ಪರಿಶೀಲನಾ ಸಮಿತಿ: ಮೂರನೆಯ ಹೋಳಿಗೆಯ ಬಗ್ಗೆ ವಿವರಣೆ ಸಲ್ಲಿಸಲು.

೨. ತಲಾಠಿ (ಗ್ರಾಮಲೆಕ್ಕಿಗರು), ವಾಗದರಿ: ಆಕಳ ಕೊರಳಿನಿಂದ ಗಂಟೆಯನ್ನು ವಶಪಡಿಸಿಕೊಳ್ಳಲು. ಆಕಳು ಹಾಯುತ್ತದೆ.

೩. ಶ್ರೀ ಸ್ವಪ್ನಿಲ, ಶೈಲಿ ಸಹಾಯಕ: ಹೊಲಿಗೆ ತರಬೇತಿಗೆ ಹಾಜರಾಗಲು. ತರಬೇತಿಯು ಉಮಾಬಾಯಿ ಇವರಲ್ಲೇ ಆರಂಭವಾಗಿದೆಯೆಂದು ತಿಳಿದುಬಂದಿದ್ದು, ಅದಕ್ಕೆ ಅನುಮತಿ ಪಡೆದಿರುವುದಿಲ್ಲ.

೪. ಶ್ರೀಮತಿ ಉಮಾಬಾಯಿ, ವಾಗದರಿ: ಈ ಸುತ್ತೋಲೆಯನ್ನು ಇವರಿಗೆ ಅಂಗಳದಲ್ಲಿ ನಿಂತು ಓದಿ ಹೇಳುವುದು. ಕಾಗದವನ್ನು ಕೈಗೆ ಕೊಡತಕ್ಕದ್ದಲ್ಲ. ಇವರು ಹೊಲಿಯುತ್ತಿರುವ ಎರಡನೆಯ ಕೌದಿಯ ಮೂರು ಮೂಲೆ ಮುಗಿದಿದ್ದು, ಕೊನೆಯ ಮೂಲೆ ಬಾಕಿಯಿದೆ.